ಕತ್ತಿ ಹಿಡಿಯುವ ಮುಂಚೆ ಗಡ್ಡ ನೆನೆಯಲಿ

ಮಡಚುವ ಕ್ಷೌರದ ಕತ್ತಿಯಲ್ಲಿ ಮನೆಯಲ್ಲೇ ಶೇವ್ ಮಾಡಿಕೊಳ್ಳಲು ಕಲಿಯುವವರು ಮೊದಲು ಕೇಳುವುದು ಕತ್ತಿಯ ಬಗ್ಗೆಯೇ. ಇಂಗ್ಲೆಂಡಿನ ಶೆಫೀಲ್ಡ್‌ನ ಹಳೇ ಕತ್ತಿ ಒಳ್ಳೆಯದಾ, ಜರ್ಮನಿಯ ಜೋಲಿಂಗೆನ್‌ನ ಹೊಸದಾ? ಚರ್ಮದ ಪಟ್ಟಿಯ ಮೇಲೆ ಎಷ್ಟು ಸಲ ಮಸೆಯಬೇಕು? ಮುಖವನ್ನು ಹೇಗೆ ಅಣಿ ಮಾಡಿಕೊಳ್ಳಬೇಕು ಅಂತ ಕೇಳುವವರು ಕಮ್ಮಿ.

ನಾನೂ ಕೇಳಿರಲಿಲ್ಲ. ಮೊದಲ ಎರಡು ತಿಂಗಳು ಪ್ರತಿ ಸಲವೂ ಕುತ್ತಿಗೆ ಕೆಂಪಾಗಿ ಉರಿಯುತ್ತಿತ್ತು. ಕತ್ತಿ ಮೊಂಡಾಗಿದೆ ಅಂದುಕೊಂಡು ಮಸೆದೆ. ಮತ್ತೆ ಮಸೆದೆ. ಊರಿಗೆ ಹೋದಾಗ, ನಮ್ಮ ತಾತನಿಗೆ ಗಡ್ಡ ಮಾಡುತ್ತಿದ್ದ ಹಿರಿಯರೊಬ್ಬರ ಕೈಗೆ ಅದನ್ನು ಕೊಟ್ಟೆ. ಅವರು ಕತ್ತಿಯ ಬಾಯಿಗೆ ಹೆಬ್ಬೆರಳನ್ನು ಅಡ್ಡಲಾಗಿ, ತಾಗಿಯೂ ತಾಗದ ಹಾಗೆ ಇಟ್ಟು ನೋಡಿದರು. "ಕತ್ತಿಗೇನೂ ಆಗಿಲ್ಲ ಕಣಪ್ಪ. ನೀನು ಗಡ್ಡ ನೆನೆಸ್ತಿಲ್ಲ" ಅಂದರು.

ಆಮೇಲೆ ನನ್ನನ್ನು ಜಗಲಿಯ ಮೇಲೆ ಕೂರಿಸಿ, ಒಂದು ಬಟ್ಟಲಲ್ಲಿ ಬೆಚ್ಚಗಿನ ನೀರು ತರಿಸಿದರು. ಸೋಪಿಲ್ಲ, ಕ್ರೀಮಿಲ್ಲ. ಬೆರಳನ್ನು ನೀರಿಗೆ ಅದ್ದುವುದು, ಗಡ್ಡವನ್ನು ತಿಕ್ಕುವುದು, ಮತ್ತೆ ಅದ್ದುವುದು. ಕೆನ್ನೆಗೆ ಸ್ವಲ್ಪ, ಗದ್ದಕ್ಕೆ ಮತ್ತು ಮೇಲ್ದುಟಿಗೆ ಜಾಸ್ತಿ. "ಸಾಕಲ್ವಾ?" ಅಂತ ನಾನು ಎರಡು ಸಲ ಕೇಳಿದೆ. ಅವರು ತಿಕ್ಕುತ್ತಲೇ ಇದ್ದರು. ಕೊನೆಗೆ ಕತ್ತಿ ಇಟ್ಟಾಗ ನನಗೆ ಅಭ್ಯಾಸವಾಗಿದ್ದ ಆ ಕರಕರ ಸದ್ದು ಬರಲೇ ಇಲ್ಲ. ಕತ್ತಿ ಅದೇ, ಮುಖವೂ ಅದೇ. ಬದಲಾಗಿದ್ದು ನೀರು ಮತ್ತು ಹೊತ್ತು.

ಅವತ್ತಿನಿಂದ ನಾನು ಪಾಲಿಸಿಕೊಂಡು ಬಂದಿರುವ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸಲೂನಿನಲ್ಲಿ ಬಳಸುವ, ಅರ್ಧ ಬ್ಲೇಡ್ ಸಿಕ್ಕಿಸುವ ಕತ್ತಿ ನಿಮ್ಮಲ್ಲಿದ್ದರೂ ಇದೇ ಕ್ರಮ. ಆ ಬ್ಲೇಡು ಇನ್ನೂ ತೆಳು, ತಪ್ಪಿದರೆ ಬೇಗ ಕುಯ್ಯುತ್ತದೆ. ಹಾಗಾಗಿ ಅದಕ್ಕೆ ಸಿದ್ಧತೆ ಇನ್ನೂ ಚೆನ್ನಾಗಿರಬೇಕು.

ನೀರು ಏನು ಮಾಡುತ್ತದೆ

ಕೂದಲು ಕೆರಾಟಿನ್ ಅನ್ನುವ ಪ್ರೋಟೀನಿನಿಂದ ಆದದ್ದು. ಉಗುರೂ ಅದರಿಂದಲೇ ಆದದ್ದು. ಸ್ನಾನ ಆದಮೇಲೆ ಉಗುರು ಎಷ್ಟು ಸಲೀಸಾಗಿ ಕತ್ತರಿಸಲು ಬರುತ್ತದೆ ಅಂತ ನಿಮಗೆ ಗೊತ್ತು. ಗಡ್ಡವೂ ಹಾಗೆಯೇ. ನೀರು ಹೀರಿಕೊಂಡ ಕೂದಲು ಸ್ವಲ್ಪ ಊದಿ ಮೆದುವಾಗುತ್ತದೆ, ಕತ್ತಿಗೆ ಕಮ್ಮಿ ಬಲ ಸಾಕಾಗುತ್ತದೆ. ಬಲ ಕಮ್ಮಿಯಾದರೆ ಕತ್ತಿ ಕೂದಲನ್ನು ಬುಡದಿಂದ ಎಳೆದಾಡುವುದಿಲ್ಲ. ನಾವೂ ಒತ್ತುವುದಿಲ್ಲ. ಉರಿ ಶುರುವಾಗುವುದೇ ಈ ಎಳೆತ ಮತ್ತು ಒತ್ತಡದಿಂದ.

ಆದರೆ ಕೂದಲು ನೀರನ್ನು ತಕ್ಷಣ ಕುಡಿಯುವುದಿಲ್ಲ. ಅದರ ಮೇಲೆ ನಮ್ಮ ಚರ್ಮದ್ದೇ ಜಿಡ್ಡು ಇರುತ್ತದೆ. ಜಿಡ್ಡು ಹೋಗಬೇಕು, ಆಮೇಲೆ ಎರಡು ಮೂರು ನಿಮಿಷವಾದರೂ ನೀರಿನ ಸಂಗ ಬೇಕು. ಮುಖಕ್ಕೆ ನೀರು ಎರಚಿಕೊಂಡು, ನೊರೆ ಬಳಿದು, ಅರ್ಧ ನಿಮಿಷಕ್ಕೆ ಕತ್ತಿ ಇಟ್ಟರೆ ಒಣ ಗಡ್ಡವನ್ನೇ ಹೆರೆದ ಹಾಗೆ.

ಹಾಗಂತ ಅರ್ಧ ಗಂಟೆ ಹಬೆ ಹಿಡಿಯುವುದೂ ಬೇಡ. ಬಟ್ಟೆ ಒಗೆದ ಮೇಲೆ ಬೆರಳ ತುದಿ ಹೇಗೆ ಸುಕ್ಕಾಗಿ ಮೆತ್ತಗಾಗಿರುತ್ತದೆ! ಮುಖದ ಚರ್ಮವೂ ಅತಿಯಾಗಿ ನೆನೆದರೆ ಮೆತ್ತಗಾಗಿ ಬೇಗ ಗೀರುತ್ತದೆ. ಕೂದಲು ನೆನೆಯಬೇಕು, ಚರ್ಮ ನೆನೆದು ಕೊಳೆಯಬಾರದು. ಎಲ್ಲ ಸೇರಿ ಐದಾರು ನಿಮಿಷ ಸಾಕು.

ಹಿಂದಿನ ದಿನ

ಮೊದಲ ಸಲ ಶೇವ್ ಮಾಡುವ ಮುಂಚೆ ಒಂದು ಕೆಲಸ ಇದೆ. ಎರಡು ದಿನ ಗಡ್ಡ ಬಿಡಿ. ಹಗಲು ಬೆಳಕಿನಲ್ಲಿ ಕನ್ನಡಿ ಮುಂದೆ ನಿಂತು, ಕೂದಲು ಯಾವ ಕಡೆಗೆ ಬೆಳೆದಿದೆ ಅಂತ ನೋಡಿ. ಕಣ್ಣಿಗಿಂತ ಬೆರಳು ಚೆನ್ನಾಗಿ ಹೇಳುತ್ತದೆ. ಇನ್ನೂ ಖಚಿತವಾಗಿ ಬೇಕಾದರೆ ಒಂದು ತುಂಡು ಹತ್ತಿ ತಗೊಳ್ಳಿ. ಗಡ್ಡದ ಮೇಲೆ ಸೀದಾ, ಅಂದರೆ ಕೂದಲು ಬೆಳೆದ ಕಡೆಗೇ ಎಳೆದರೆ ಅದು ಜಾರಿಕೊಂಡು ಹೋಗುತ್ತದೆ. ಉಲ್ಟಾ, ಅಂದರೆ ಅದಕ್ಕೆ ಎದುರಾಗಿ ಎಳೆದರೆ ಎಳೆಗಳು ಗಡ್ಡಕ್ಕೆ ಸಿಕ್ಕಿಕೊಂಡು ನಿಲ್ಲುತ್ತವೆ.

ಕೆನ್ನೆಯಲ್ಲಿ ಕೂದಲು ಸಾಮಾನ್ಯವಾಗಿ ಕೆಳಮುಖ. ಮೋಸ ಮಾಡುವುದು ಕುತ್ತಿಗೆ. ನನ್ನ ಎಡ ದವಡೆಯ ಕೆಳಗೆ, ಎರಡು ಬೆರಳಗಲದ ಜಾಗದಲ್ಲಿ ಕೂದಲು ಅಡ್ಡಲಾಗಿ ಕಿವಿಯ ಕಡೆಗೆ ಹೋಗುತ್ತದೆ. ಅಲ್ಲಿ ಮೇಲಿನಿಂದ ಕೆಳಕ್ಕೆ ಎಳೆದರೆ ಅದು ಸೀದಾ ಅಲ್ಲ, ಅಡ್ಡ. ಗಂಟಲ ಗುಂಡಿನ ಸುತ್ತ ಸುಳಿ ಇರುವವರೂ ಇದ್ದಾರೆ. ಒಂದು ಹಾಳೆಯ ಮೇಲೆ ಮುಖದ ಗೆರೆ ಎಳೆದು ಬಾಣದ ಗುರುತು ಹಾಕಿಕೊಳ್ಳಿ. ಕಾಗದ ಪೆನ್ನು ಹಿಡಿದು ಕೂರುವುದು ಅತಿಯಾಯಿತು ಅನಿಸಬಹುದು, ಆದರೂ ಮಾಡಿ. ಒಂದು ಸಲ ಮಾಡಿದರೆ ವರ್ಷಗಟ್ಟಲೆ ಉಪಯೋಗಕ್ಕೆ ಬರುತ್ತದೆ.

ಹಾಗೆಯೇ ಮಚ್ಚೆ, ನರಹುಲಿ, ಉಬ್ಬಿದ ಗಾಯದ ಕಲೆ ಎಲ್ಲಿವೆ ಅಂತ ಬೆರಳಿಗೆ ಗೊತ್ತಿರಲಿ. ನೊರೆ ಹಚ್ಚಿದ ಮೇಲೆ ಅವು ಕಾಣುವುದಿಲ್ಲ. ಕೀವು ತುಂಬಿದ ಮೊಡವೆ ಇದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಚರ್ಮದಡಿಯೇ ಸುರುಳಿ ಸುತ್ತಿಕೊಂಡ ಕೂದಲನ್ನು ಸೂಜಿಯಿಂದ ಕೆದಕಬೇಡಿ. ಬೆಚ್ಚಗಿನ ಬಟ್ಟೆ ಒತ್ತಿ, ಅದು ತಾನಾಗಿ ಮೇಲೆ ಬರುವ ತನಕ ಕಾಯಿರಿ. ಗುಂಗುರು ಗಡ್ಡದವರಿಗೆ ಈ ತೊಂದರೆ ಜಾಸ್ತಿ. ಅವರು ಉಲ್ಟಾ ಹೊಡೆಯುವ ಆಸೆಯನ್ನೇ ಬಿಡುವುದು ಒಳ್ಳೆಯದು.

ಸ್ಕ್ರಬ್ ಹಾಕಿ ಉಜ್ಜುವ ಅಭ್ಯಾಸ ಇದ್ದರೆ ಅದು ಶೇವ್ ಮಾಡುವ ದಿನ ಬೇಡ. ಕತ್ತಿ ತಾನೇ ಸತ್ತ ಚರ್ಮದ ಪದರವನ್ನು ಸ್ವಲ್ಪ ತೆಗೆಯುತ್ತದೆ. ಎರಡೂ ಒಂದೇ ದಿನ ಆದರೆ ಚರ್ಮಕ್ಕೆ ತಡೆಯಲಾಗುವುದಿಲ್ಲ. ಮೊಡವೆಗೆಂದು ರೆಟಿನಾಯ್ಡ್ ಮುಲಾಮು ಅಥವಾ ಗ್ಲೈಕೋಲಿಕ್ ಆಸಿಡ್ ಹಚ್ಚುವವರಿಗೂ ಇದೇ ಮಾತು. ಇವು ಚರ್ಮವನ್ನು ಸೂಕ್ಷ್ಮ ಮಾಡುತ್ತವೆ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರು ವೈದ್ಯರನ್ನು ಕೇಳದೆ ಈ ಕತ್ತಿ ಹಿಡಿಯಬೇಡಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಸಣ್ಣ ಗಾಯವೂ ಅವರಿಗೆ ಸಣ್ಣದಾಗಿ ಉಳಿಯದೇ ಇರಬಹುದು.

ನಾಲ್ಕೈದು ದಿನದ ಗಡ್ಡ ಇದ್ದರೆ ಮೊದಲು ಟ್ರಿಮ್ಮರ್ ಓಡಿಸಿ ಗಿಡ್ಡ ಮಾಡಿಕೊಳ್ಳಿ.

ಸ್ನಾನ ಮೊದಲೋ, ಕ್ಷೌರ ಮೊದಲೋ?

ಚರ್ಮದ ವೈದ್ಯರು ಹೇಳುವುದು, ಸ್ನಾನ ಆದ ಕೂಡಲೆ ಶೇವ್ ಮಾಡಿ ಅಂತ. ಕೂದಲು ಆಗಲೇ ನೆನೆದಿರುತ್ತದೆ, ಜಿಡ್ಡು ಹೋಗಿರುತ್ತದೆ. ಇದು ನಿಜ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಕ್ರಮ ಇದಕ್ಕೆ ತಿರುಗು ಮುರುಗು. ಕ್ಷೌರ ಮೈಲಿಗೆ, ಅದಾದ ಮೇಲೆ ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಬರುವ ಹಾಗಿಲ್ಲ. ಸ್ನಾನ ಮುಗಿಸಿ ಬಂದು ಶೇವ್ ಮಾಡಿಕೊಂಡರೆ ಮತ್ತೊಂದು ಸ್ನಾನ ಮಾಡಬೇಕು.

ಅಜ್ಜಿಯ ಜೊತೆ ಜಗಳ ಆಡುವುದೇನೂ ಬೇಕಿಲ್ಲ. ಸ್ನಾನ ಕೊಡುವುದನ್ನು ಬಿಸಿ ಟವೆಲ್ ಕೂಡ ಕೊಡುತ್ತದೆ. ನಾನು ಬಚ್ಚಲಿನಲ್ಲೇ ಬಿಸಿನೀರಲ್ಲಿ ಮುಖ ತೊಳೆದು, ಟವೆಲ್ ಸುತ್ತಿ, ಶೇವ್ ಮುಗಿಸಿ, ಅಲ್ಲೇ ಸ್ನಾನ ಮಾಡಿ ಬರುತ್ತೇನೆ. ಎರಡೂ ಕಡೆಗೆ ಸಮಾಧಾನ.

ಎದ್ದ ಕೂಡಲೇ ಮಾತ್ರ ಬೇಡ. ನಿದ್ದೆಯಿಂದ ಎದ್ದಾಗ ಮುಖ ಸ್ವಲ್ಪ ಊದಿರುತ್ತದೆ. ಕಾಫಿ ಕುಡಿದು, ಒಂದು ಇಪ್ಪತ್ತು ನಿಮಿಷ ಓಡಾಡಿ ಬನ್ನಿ. ಅವಸರದ ದಿನ ಈ ಕತ್ತಿಯನ್ನು ಪೆಟ್ಟಿಗೆಯಿಂದ ತೆಗೆಯಲೇಬೇಡಿ.

ಯಾವ ನೀರು

ಕಲಿಯುವವರು ಇದನ್ನು ಯೋಚಿಸುವುದೇ ಇಲ್ಲ. ನಿಮ್ಮ ಮನೆಗೆ ಬರುವುದು ಬೋರ್‌ವೆಲ್ ನೀರಾದರೆ, ನೊರೆ ಸರಿಯಾಗಿ ಬರದಿರುವುದಕ್ಕೆ ಸೋಪನ್ನು ಬೈಯಬೇಡಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಬಿಳಿ ಗಷ್ಟಾಗಿ ಬಿಡುತ್ತವೆ. ನೊರೆ ಆಗಬೇಕಾದ ಸೋಪು ಬ್ರಷ್ಷಿಗೂ ಬಟ್ಟಲಿಗೂ ಅಂಟಿಕೊಳ್ಳುತ್ತದೆ. ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟಿದೆಯಾ, ಗೀಸರ್ ಕಾಯಿಲ್ ಸುಣ್ಣ ಹಿಡಿಯುತ್ತದಾ ನೋಡಿ. ಹಿಡಿಯುತ್ತದೆ ಅಂದರೆ ನಿಮ್ಮದು ಗಡಸು ನೀರು.

ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯಿಂದ ಬೋರ್‌ವೆಲ್ ನೀರಿನ ಮನೆಗೆ ಬಂದಾಗ ನನಗೆ ಇದು ಗೊತ್ತಾಯಿತು. ಅದೇ ಸೋಪು, ಅದೇ ಬ್ರಷ್, ನೊರೆ ಮಾತ್ರ ಎರಡು ನಿಮಿಷಕ್ಕೆ ಸತ್ತು ಹೋಗುತ್ತಿತ್ತು. ಪರಿಹಾರ ತುಂಬಾ ಸುಲಭ. ಕುಡಿಯುವ ಆರ್‌ಒ ನೀರು ಒಂದು ಲೋಟ ಬಿಸಿ ಮಾಡಿಕೊಂಡು ನೊರೆಗೆ ಅದನ್ನೇ ಬಳಸಿ. ಮಳೆಗಾಲದಲ್ಲಿ ಹಿಡಿದಿಟ್ಟ ಮಳೆನೀರು ಇದ್ದರೆ ಇನ್ನೂ ಒಳ್ಳೆಯದು. ಮುಖ ತೊಳೆಯಲು ನಲ್ಲಿ ನೀರೇ ಸಾಕು.

ತೊಳೆಯುವುದು, ಟವೆಲ್ ಸುತ್ತುವುದು

ಬಿಸಿ ಎಷ್ಟಿರಬೇಕು? ಮಗುವಿಗೆ ನೀರು ಹಾಕುವ ಮುಂಚೆ ಮೊಣಕೈ ಅದ್ದಿ ನೋಡುತ್ತಾರಲ್ಲ, ಆ ಹದ. ಲೆಕ್ಕದಲ್ಲಿ ಹೇಳಬೇಕಾದರೆ 38ರಿಂದ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಗಡ್ಡ ಬೇಗ ನೆನೆಯಲಿ ಅಂತ ಸುಡುವ ನೀರು ಬಳಸಬೇಡಿ. ಚರ್ಮ ಕೆಂಪಾಗುತ್ತದೆ, ಆ ಕೆಂಪಿನ ಮೇಲೆ ಕತ್ತಿ ಓಡಿದರೆ ಉರಿ ದುಪ್ಪಟ್ಟು.

ಮೊದಲು ಮೆದುವಾದ ಫೇಸ್‌ವಾಶ್ ಅಥವಾ ಸಾಧಾರಣ ಸೋಪಿನಲ್ಲಿ ಗಡ್ಡವನ್ನು ಬೆರಳ ತುದಿಯಿಂದ ತಿಕ್ಕಿ ತೊಳೆಯಿರಿ. ಜಿಡ್ಡು ಹೋಗಲು ಇದು ಬೇಕೇ ಬೇಕು. ತೊಳೆದ ಮೇಲೆ ಮುಖ ಒರೆಸಬೇಡಿ.

ಈಗ ಟವೆಲ್. ತೆಳು ಬಟ್ಟೆ ಬೇಗ ಆರುತ್ತದೆ, ಹಾಗಾಗಿ ಸಣ್ಣ ಟರ್ಕಿ ಟವೆಲ್ ತಗೊಳ್ಳಿ. ಬಿಸಿನೀರಲ್ಲಿ ಅದ್ದಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ. ಮೊದಲು ಮುಂಗೈಯ ಒಳಭಾಗಕ್ಕೆ ಒತ್ತಿ ನೋಡಿ. ಅಲ್ಲಿ ಹಿತವಾಗಿದ್ದರೆ ಮಾತ್ರ ಮುಖಕ್ಕೆ. ಗದ್ದದ ಕೆಳಗಿನಿಂದ ಶುರು ಮಾಡಿ ಎರಡೂ ಕೆನ್ನೆಯ ಮೇಲೆ ತಂದು, ಮೂಗು ಬಿಟ್ಟು, ಅಂಗೈಯಿಂದ ಒತ್ತಿ ಹಿಡಿಯಿರಿ. ಒಂದು ನಿಮಿಷಕ್ಕೆ ಅದು ಆರುತ್ತದೆ. ಮತ್ತೆ ಅದ್ದಿ, ಮತ್ತೆ ಸುತ್ತಿ. ಒಟ್ಟು ಮೂರು ಸಲ. ಮೂರನೇ ಸಲ ತೆಗೆದಾಗ ಬೆರಳನ್ನು ಉಲ್ಟಾ ಸವರಿ ನೋಡಿ. ಚುಚ್ಚುತ್ತಿದ್ದ ಗಡ್ಡ ಬಾಗುತ್ತಿದ್ದರೆ ನೆನೆದಿದೆ ಅಂತ. ಇನ್ನೂ ಚುಚ್ಚಿದರೆ ಇನ್ನೊಂದು ಸುತ್ತು.

ಟವೆಲ್ ಇಲ್ಲದ ಕಡೆ ಆ ಹಿರಿಯರ ದಾರಿ ಇದ್ದೇ ಇದೆ. ಒಂದು ಬಟ್ಟಲು ನೀರು, ಹತ್ತು ಬೆರಳು, ತಾಳ್ಮೆ.

ಎಣ್ಣೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಶೇವ್‌ಗೆ ಮುಂಚೆ ಹಚ್ಚುವ ಎಣ್ಣೆ ಅಂತ ಮಾರುತ್ತಾರೆ, ಕೆಲವರು ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಒಣ ಗಡ್ಡಕ್ಕೆ ಮೊದಲೇ ಎಣ್ಣೆ ಹಚ್ಚಿದರೆ ನೀರು ಒಳಗೆ ಹೋಗುವ ದಾರಿಯನ್ನೇ ಮುಚ್ಚಿದ ಹಾಗೆ ಅಲ್ವಾ? ಜೊತೆಗೆ ಎಣ್ಣೆ ನೊರೆಯನ್ನು ಕೊಲ್ಲುತ್ತದೆ. ತೀರಾ ಒಣ ಚರ್ಮದವರು ಬೇಕಾದರೆ ಟವೆಲ್ ಆದಮೇಲೆ ಎರಡು ಮೂರು ಹನಿ ಸವರಿಕೊಳ್ಳಲಿ. ನನ್ನ ಮಟ್ಟಿಗೆ ಅದು ಬೇಕಿಲ್ಲ. ಮೊಡವೆ ಏಳುವ ಮುಖಕ್ಕಂತೂ ಬೇಡವೇ ಬೇಡ.

ನೊರೆ

ನೊರೆಯ ಕೆಲಸ ಮೂರು. ನೀರನ್ನು ಗಡ್ಡಕ್ಕೆ ಒತ್ತಿ ಹಿಡಿಯುವುದು, ಕೂದಲನ್ನು ಎತ್ತಿ ನಿಲ್ಲಿಸುವುದು, ಕತ್ತಿ ಜಾರುವಂತೆ ಮಾಡುವುದು. ಸ್ನಾನದ ಸೋಪಿನಲ್ಲಿ ಇದು ಆಗುವುದಿಲ್ಲ. ಅದರ ನೊರೆ ದೊಡ್ಡ ದೊಡ್ಡ ಗುಳ್ಳೆ, ಬೇಗ ಒಡೆಯುತ್ತದೆ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಸಿಡ್ ಅನ್ನುವ ಕೊಬ್ಬಿನ ಆಮ್ಲ ಜಾಸ್ತಿ ಇರುತ್ತದೆ, ಪೊಟ್ಯಾಶಿಯಂ ಕ್ಷಾರದಿಂದಲೂ ಮಾಡಿರುತ್ತಾರೆ. ಅದಕ್ಕೇ ಅದರ ನೊರೆ ಸಣ್ಣ ಗುಳ್ಳೆಯದು, ದಟ್ಟ, ತುಂಬಾ ಹೊತ್ತು ನಿಲ್ಲುತ್ತದೆ. ಟ್ಯೂಬಿನಲ್ಲಿ ಬರುವ ಶೇವಿಂಗ್ ಕ್ರೀಮ್ ಕೂಡ ಆದೀತು. ಡಬ್ಬಿ ಒತ್ತಿದರೆ ಬುಸ್ಸನೆ ಬರುವ ಫೋಮ್ ಈ ಕತ್ತಿಗೆ ಸರಿಹೋಗುವುದಿಲ್ಲ. ಅದರ ನೊರೆಯಲ್ಲಿ ಬರೀ ಗಾಳಿಯೇ ಹೆಚ್ಚು.

ಹಂದಿ ಕೂದಲಿನ ಬ್ರಷ್ ಆದರೆ ಟವೆಲ್ ಸುತ್ತುವ ಹೊತ್ತಿಗೆ ಬೆಚ್ಚನೆ ನೀರಲ್ಲಿ ನೆನೆಹಾಕಿಡಿ. ಸಿಂಥೆಟಿಕ್ ಬ್ರಷ್ ಅದ್ದಿ ತೆಗೆದರೆ ಸಾಕು. ಎರಡು ಸಲ ಒದರಿ, ಸೋಪಿನ ಮೇಲೆ ಅರ್ಧ ನಿಮಿಷ ಸುತ್ತಿಸಿ. ಆಗ ಬ್ರಷ್ಷಿನ ತುದಿಗೆ ಅಂಟಂಟಾದ ಗಟ್ಟಿ ಪದರ ಬಂದಿರುತ್ತದೆ. ಅದನ್ನು ಒದ್ದೆ ಮುಖದ ಮೇಲೆ ದುಂಡಗೆ ಆಡಿಸಿ. ಶುರು ಮಾಡುವುದು ಗದ್ದ ಮತ್ತು ಮೇಲ್ದುಟಿಯಿಂದ. ಅಲ್ಲಿನ ಕೂದಲು ದಪ್ಪ, ನೆನೆಯಲು ಜಾಸ್ತಿ ಹೊತ್ತು ಬೇಕು. ಕತ್ತಿ ಅಲ್ಲಿಗೆ ಬರುವುದೂ ಕೊನೆಗೇ.

ಸ್ವಲ್ಪ ಹೊತ್ತಿಗೆ ನೊರೆ ಒಣಗಿದಂತೆ ಎಳೆಯುತ್ತದೆ. ಬ್ರಷ್ಷಿನ ತುದಿಯನ್ನು ನೀರಿಗೆ ಮುಟ್ಟಿಸಿ, ಮತ್ತೆ ಆಡಿಸಿ. ಇದನ್ನು ನಾಲ್ಕೈದು ಸಲ ಮಾಡಬೇಕು. ಒಮ್ಮೆಲೇ ನೀರು ಸುರಿದರೆ ನೊರೆ ತೆಳುವಾಗಿ ಇಳಿದು ಹೋಗುತ್ತದೆ. ಹದ ಗೊತ್ತಾಗುವುದು ಹೇಗೆ? ವಡೆಗೆ ರುಬ್ಬಿದ ಉದ್ದಿನ ಹಿಟ್ಟನ್ನು ನೆನಪಿಸಿಕೊಳ್ಳಿ. ನುಣ್ಣಗೆ, ಹೊಳಪಾಗಿ, ಬೆರಳಲ್ಲಿ ಎತ್ತಿದರೆ ತುದಿ ಬಾಗಿ ನಿಲ್ಲುತ್ತದೆ. ನೊರೆಯೂ ಹಾಗೆ ಹೊಳೆಯಬೇಕು. ಹುದುಗಿದ ದೋಸೆ ಹಿಟ್ಟಿನ ಹಾಗೆ ತೂತು ತೂತು ಕಂಡರೆ ಇನ್ನೂ ಆಡಿಸಬೇಕು. ಎರಡು ಬೆರಳ ನಡುವೆ ಸ್ವಲ್ಪ ತಗೊಂಡು ಉಜ್ಜಿ ನೋಡಿ. ಬೆರಳು ಜಾರಿದರೆ ಕತ್ತಿಯೂ ಜಾರುತ್ತದೆ.

ಬ್ರಷ್ ಆಡಿಸುವುದಕ್ಕೆ ಎರಡು ನಿಮಿಷ ಕೊಡಿ. ಫ್ಯಾನ್ ಆರಿಸಿ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರಿನ ಕಡೆಯ ಒಣ ಗಾಳಿಗೆ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಇನ್ನೊಂದು ಕೆನ್ನೆಯ ನೊರೆ ಪುಡಿಯಾಗಿರುತ್ತದೆ. ಅಂಥ ಕಡೆ ಅರ್ಧ ಮುಖಕ್ಕೆ ಮಾತ್ರ ಹಚ್ಚಿ, ಮುಗಿಸಿ, ಆಮೇಲೆ ಇನ್ನರ್ಧ. ಒಣಗಿದ ನೊರೆಯ ಮೇಲೆ ಕತ್ತಿ ಎಳೆಯಲೇಬಾರದು.

ಚರ್ಮ ಬಿಗಿ ಹಿಡಿಯುವುದು

ಇದೂ ಸಿದ್ಧತೆಯೇ. ಸಡಿಲ ಚರ್ಮ ಕತ್ತಿಯ ಮುಂದೆ ಮಡಿಕೆಯಾಗಿ ಏಳುತ್ತದೆ, ಗಾಯ ಆಗುವುದು ಆ ಮಡಿಕೆಗೆ. ಆದರೆ ಸೋಪಿನ ಕೈಯಲ್ಲಿ ಚರ್ಮ ಹಿಡಿಯಲು ಹೋದರೆ ಜಾರುತ್ತದೆ. ಅದಕ್ಕೆ ಪಕ್ಕದಲ್ಲಿ ಒಂದು ಒಣ ಬಟ್ಟೆ ಇಟ್ಟುಕೊಂಡಿರಿ. ಕತ್ತಿ ಹಿಡಿಯದ ಕೈಯ ಬೆರಳನ್ನು ಅದರಲ್ಲಿ ಒರೆಸಿ, ನೊರೆ ಇಲ್ಲದ ಜಾಗದಲ್ಲಿ, ಅಂದರೆ ಕಿವಿಯ ಮುಂದೆ, ಕೂದಲ ಗೆರೆಗಿಂತ ಮೇಲೆ ಇಟ್ಟು ಎಳೆಯಿರಿ. ಪಟಿಕದ ತುಂಡನ್ನು, ಅದೇ ಸಲೂನಿನ ಆಲಂ ಕಲ್ಲನ್ನು, ಒದ್ದೆ ಮಾಡಿ ಬೆರಳ ತುದಿಗೆ ಸವರಿದರೆ ಹಿಡಿತ ಇನ್ನೂ ಗಟ್ಟಿ. ಕುತ್ತಿಗೆಗೆ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿದರೆ ಸಾಕು, ಪೂರ್ತಿ ಎತ್ತಬೇಡಿ.

ಕತ್ತಿಯನ್ನು ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಲ್ಲಿ ಇಟ್ಟು, ಅದರ ಭಾರಕ್ಕಿಂತ ಜಾಸ್ತಿ ಒತ್ತದೆ, ಸೀದಾ ಎಳೆಯಿರಿ. ಕಿವಿ ಕೊಟ್ಟು ಕೇಳಿ. ಸರ್ ಅನ್ನುವ ಮೆದು ಸದ್ದು ಬಂದರೆ ಎಲ್ಲ ಸರಿಯಿದೆ. ಕರಕರ ಅಂತ ಎಳೆದರೆ ಅಲ್ಲೇ ನಿಲ್ಲಿಸಿ, ಕತ್ತಿ ಕೆಳಗಿಡಿ, ಮತ್ತೊಮ್ಮೆ ಬಿಸಿ ಟವೆಲ್, ಮತ್ತೊಮ್ಮೆ ನೊರೆ. ಒತ್ತಿ ಮುಗಿಸಿಬಿಡೋಣ ಅನ್ನುವ ಆ ಒಂದು ಗಳಿಗೆಯಲ್ಲೇ ಚರ್ಮ ಕೆಡುವುದು. ಎರಡನೇ ಸಲ ಎಳೆಯುವುದಿದ್ದರೂ ಮುಖ ಒದ್ದೆ ಮಾಡಿ ಹೊಸದಾಗಿ ನೊರೆ ಹಚ್ಚಬೇಕು.

ಮುಗಿದ ಮೇಲೆ ತಣ್ಣೀರಲ್ಲಿ ತೊಳೆದು, ಒದ್ದೆ ಮುಖಕ್ಕೆ ಪಟಿಕವನ್ನು ಹಗುರವಾಗಿ ಸವರಿ. ಒಂದು ನಿಮಿಷ ಬಿಟ್ಟು ತೊಳೆಯಿರಿ. ಅದು ಎಲ್ಲಿ ಚುರುಗುಟ್ಟಿತು ಅಂತ ಗಮನಿಸಿ. ಚುರುಗುಟ್ಟಿದ ಜಾಗದಲ್ಲಿ ನೀವು ಒತ್ತಿದ್ದೀರಿ, ಇಲ್ಲವೇ ಅಲ್ಲಿ ಗಡ್ಡ ನೆನೆದಿರಲಿಲ್ಲ. ಮುಂದಿನ ಸಲ ಅಲ್ಲಿ ಬ್ರಷ್ ಇನ್ನಷ್ಟು ಹೊತ್ತು ಆಡಲಿ. ಟವೆಲ್ ಒತ್ತಿ ನೀರು ತೆಗೆದು, ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿದರೆ ಆಯಿತು. ಪಟಿಕ, ಬ್ರಷ್, ಕತ್ತಿ ಯಾವುದನ್ನೂ ಇನ್ನೊಬ್ಬರ ಜೊತೆ ಹಂಚಿಕೊಳ್ಳಬೇಡಿ, ಅಣ್ಣ ತಮ್ಮಂದಿರಾದರೂ ಸರಿ. ಹೆಪಟೈಟಿಸ್ ಬಿ ಮತ್ತು ಸಿ ರಕ್ತದಿಂದ ಹರಡುವ ಕಾಯಿಲೆಗಳು, ಕಣ್ಣಿಗೆ ಕಾಣದಷ್ಟು ರಕ್ತ ಸಾಕು.

ಹೊಸಬರು ಮೊದಲ ವಾರ ಎರಡು ಕೆನ್ನೆಗೆ ಮಾತ್ರ ಈ ಕತ್ತಿ ಬಳಸಿ. ಉಳಿದದ್ದಕ್ಕೆ ನಿಮ್ಮ ಮಾಮೂಲಿ ರೇಜರ್ ಇರಲಿ. ಆದರೆ ನೆನೆಸುವುದು ಮಾತ್ರ ಮೊದಲ ದಿನದಿಂದಲೇ ಪೂರ್ತಿ ಮುಖಕ್ಕೆ.